ವಿಲೋಮ ಲ್ಯಾಪ್ಲಾಸ್‌ನ ಗ್ರಾಫ್ ಬಿಡಿಸುವುದು ಹೇಗೆ: ಮೊದಲು ಪೋಲ್ ನೋಡಿ, ಆಮೇಲೆ ಪ್ಲಾಟ್ ಮಾಡಿ

ಇಂಜಿನಿಯರಿಂಗ್ ಓದುವಾಗ ಮೊದಲ ಸಲ ಸಾಫ್ಟ್‌ವೇರ್‌ನಲ್ಲಿ ಒಂದು ಸರ್ಕ್ಯೂಟಿನ ವಿಲೋಮ ಲ್ಯಾಪ್ಲಾಸ್ ತೆಗೆದು ಗ್ರಾಫ್ ಹಾಕಿದೆ. ಲ್ಯಾಪ್ಲಾಸ್ ಅನ್ನುವುದು ಕಾಲದ (ಟಿ) ಸೂತ್ರವನ್ನು ಎಸ್ ಅನ್ನುವ ಬೇರೆ ಚರದ ಸೂತ್ರವಾಗಿ ಬದಲಿಸುವ ಗಣಿತ, ವಿಲೋಮ ಅಂದರೆ ಅಲ್ಲಿಂದ ಮತ್ತೆ ಕಾಲಕ್ಕೆ ವಾಪಸ್ ಬರುವುದು. ಸೊನ್ನೆಯಿಂದ ಹತ್ತು ಸೆಕೆಂಡ್ ಅಂತ ಕೊಟ್ಟಿದ್ದೆ. ತೆರೆಯ ಮೇಲೆ ಬಂದದ್ದು ಒಂದು ನೇರ ಗೆರೆ. ಎಲ್ಲೋ ತಪ್ಪಾಗಿದೆ ಅಂದುಕೊಂಡು ಸೂತ್ರವನ್ನೇ ಅರ್ಧ ದಿನ ತಿದ್ದುತ್ತಾ ಕೂತೆ. ಸೂತ್ರ ಸರಿಯಾಗಿಯೇ ಇತ್ತು. ಆ ಸರ್ಕ್ಯೂಟಿನ ಆಟವೆಲ್ಲ ಒಂದು ಮಿಲಿಸೆಕೆಂಡಿನಲ್ಲಿ ಮುಗಿದು ಹೋಗುತ್ತಿತ್ತು. ಹತ್ತು ಸೆಕೆಂಡಿನ ಗ್ರಾಫಿನಲ್ಲಿ ಅದು ಕಾಣುವುದಾದರೂ ಹೇಗೆ?

ಎಷ್ಟು ಹೊತ್ತಿನ ಗ್ರಾಫ್ ಬೇಕು ಅನ್ನುವುದು ಸೂತ್ರದಲ್ಲೇ ಬರೆದಿರುತ್ತದೆ. ಅದನ್ನು ಓದಲು ಕಲಿತರೆ ಉಳಿದದ್ದು ನಾಲ್ಕೈದು ಸಾಲಿನ ಕೆಲಸ. ಇಲ್ಲಿ ಅದೇ ಸರ್ಕ್ಯೂಟನ್ನು ಉದಾಹರಣೆಯಾಗಿ ಇಟ್ಟುಕೊಂಡು ಮೊದಲಿಂದ ಕೊನೆಯವರೆಗೂ ಮಾಡೋಣ. ಆಮೇಲೆ ಸೂತ್ರದಲ್ಲಿ ಉತ್ತರವೇ ಸುಲಭವಾಗಿ ಸಿಗದ ಒಂದು ಲೆಕ್ಕವನ್ನೂ ನೋಡೋಣ.

ಯಾವ ಸಾಫ್ಟ್‌ವೇರ್

ನಾನು ಬಳಸುವುದು ಪೈಥಾನ್. ದುಡ್ಡು ಕೊಡಬೇಕಿಲ್ಲ. ಅದರಲ್ಲಿ ನಾಲ್ಕು ಲೈಬ್ರರಿ ಬೇಕು: ಸೂತ್ರದ ಕೆಲಸಕ್ಕೆ ಸಿಂಪೈ, ಸಂಖ್ಯೆಗಳ ಸಾಲಿಗೆ ನಂಪೈ, ಗ್ರಾಫಿಗೆ ಮ್ಯಾಟ್‌ಪ್ಲಾಟ್‌ಲಿಬ್, ಕಷ್ಟದ ಲೆಕ್ಕಕ್ಕೆ ಎಂಪಿಮ್ಯಾತ್. ಕಂಪ್ಯೂಟರಿನಲ್ಲಿ ಹಾಕಿಕೊಳ್ಳಲು ಆಗದಿದ್ದರೆ ಗೂಗಲ್ ಕೊಲಾಬ್ ತೆರೆಯಿರಿ. ಬ್ರೌಸರಿನಲ್ಲೇ ನಡೆಯುತ್ತದೆ, ನಾಲ್ಕೂ ಅದರಲ್ಲಿ ಮೊದಲೇ ಇರುತ್ತವೆ. ಮೊಬೈಲಿನಲ್ಲೂ ಕೆಲಸ ಆಗುತ್ತದೆ, ಟೈಪ್ ಮಾಡುವುದು ಸ್ವಲ್ಪ ತ್ರಾಸ ಅಷ್ಟೆ.

ಒಂದು ಮಾತು. ಕೆಳಗೆ ಆಜ್ಞೆಗಳನ್ನು ಓದಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಸಿಂಬಲ್ಸ್, ಪ್ಲಾಟ್, ಇನ್ವರ್ಸ್_ಲ್ಯಾಪ್ಲಾಸ್_ಟ್ರಾನ್ಸ್‌ಫಾರ್ಮ್ ಇಂಥ ಹೆಸರುಗಳನ್ನು ನೀವು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕು. ಎಲ್ಲ ಸಣ್ಣ ಅಕ್ಷರ, ಪದಗಳ ನಡುವೆ ಅಡಿಗೆರೆ. ಟ್ರೂ ಅನ್ನುವುದರ ಮೊದಲ ಅಕ್ಷರ ಮಾತ್ರ ದೊಡ್ಡದು. ಆದರೆ ಸೂತ್ರ, ಉತ್ತರ, ಕಾಲ ಅಂತ ನಾವೇ ಇಡುವ ಹೆಸರುಗಳು ಕನ್ನಡದಲ್ಲೇ ಇರಬಹುದು. ಪೈಥಾನ್ 3 ಅದನ್ನು ಒಪ್ಪುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ನನಗಂತೂ ಇದು ತುಂಬ ಇಷ್ಟ.

ಹಂತ 1: ಸೂತ್ರ ಬರೆಯುವುದು

ನಮ್ಮ ಸರ್ಕ್ಯೂಟಿನಲ್ಲಿ 100 ಓಮ್ ರೆಸಿಸ್ಟರ್, 10 ಮಿಲಿಹೆನ್ರಿ ಇಂಡಕ್ಟರ್, 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಾಲಾಗಿ ಇವೆ. ಸ್ವಿಚ್ ಹಾಕಿದ ತಕ್ಷಣ 1 ವೋಲ್ಟ್ ಬರುತ್ತದೆ. ಕೆಪಾಸಿಟರಿನ ಮೇಲಿನ ವೋಲ್ಟೇಜ್ ಹೇಗೆ ಏರುತ್ತದೆ ಅನ್ನುವುದು ಪ್ರಶ್ನೆ.

ರೆಸಿಸ್ಟೆನ್ಸನ್ನು ಇಂಡಕ್ಟೆನ್ಸಿನಿಂದ ಭಾಗಿಸಿದರೆ 10,000. ಇಂಡಕ್ಟೆನ್ಸ್, ಕೆಪಾಸಿಟೆನ್ಸ್ ಎರಡನ್ನೂ ಗುಣಿಸಿ ಅದರಿಂದ 1ನ್ನು ಭಾಗಿಸಿದರೆ ಹತ್ತು ಕೋಟಿ. ಹಾಗಾಗಿ ಸೂತ್ರ:

10⁸ / (ಎಸ್ × (ಎಸ್² + 10⁴ ಎಸ್ + 10⁸))

ಇಷ್ಟು ದೊಡ್ಡ ಸಂಖ್ಯೆ ಹೊತ್ತುಕೊಂಡು ತಿರುಗುವುದು ಬೇಡ. ಕಾಲವನ್ನು ಸೆಕೆಂಡಿನ ಬದಲು ಮಿಲಿಸೆಕೆಂಡಿನಲ್ಲಿ ಅಳೆಯೋಣ. ಆಗ ಸೂತ್ರ ಹೀಗೆ ಹಗುರಾಗುತ್ತದೆ:

100 / (ಎಸ್ × (ಎಸ್² + 10 ಎಸ್ + 100))

ಸರ್ಕ್ಯೂಟ್ ಅದೇ, ಗಡಿಯಾರ ಮಾತ್ರ ಬೇರೆ. ಲೆಕ್ಕ ಶುರು ಮಾಡುವ ಮೊದಲೇ ಇದನ್ನು ಮಾಡಿಕೊಳ್ಳಿ. ಆಮೇಲೆ ಬರುವ ಅರ್ಧದಷ್ಟು ತೊಂದರೆ ಇಲ್ಲೇ ಕಳೆಯುತ್ತದೆ.

ಸಿಂಪೈಯನ್ನು ಆಮದು ಮಾಡಿಕೊಂಡ ಮೇಲೆ ಈ ಮೂರು ಸಾಲು:

ಎಸ್ = ಸಿಂಬಲ್ಸ್('ಎಸ್')
ಟಿ = ಸಿಂಬಲ್ಸ್('ಟಿ', ಪಾಸಿಟಿವ್=ಟ್ರೂ)
ಸೂತ್ರ = 100 / (ಎಸ್ * (ಎಸ್**2 + 10*ಎಸ್ + 100))

ಪಾಸಿಟಿವ್=ಟ್ರೂ ಅನ್ನುವುದನ್ನು ಮರೆಯಬೇಡಿ. ಕಾಲ ಸೊನ್ನೆಗಿಂತ ಜಾಸ್ತಿ ಅಂತ ಅದು ಹೇಳುತ್ತದೆ. ಹೇಳದಿದ್ದರೆ ಉತ್ತರಕ್ಕೆ ಹೆವಿಸೈಡ್ ಅನ್ನುವ ಒಂದು ಗುಣಕ ಅಂಟಿಕೊಂಡು ಬರುತ್ತದೆ. ಅದು ತಪ್ಪೇನಲ್ಲ, ಕಾಲ ಸೊನ್ನೆಗಿಂತ ಕಡಿಮೆ ಇದ್ದಾಗ ಏನೂ ಇಲ್ಲ ಅಂತ ಅದರ ಅರ್ಥ. ಸುಮ್ನೆ ಕಣ್ಣಿಗೆ ಅಡ್ಡ ಬರುತ್ತದೆ.

ಇನ್ನೊಂದು ವಿಷಯ. ಸೂತ್ರದಲ್ಲಿ 0.2, 0.75 ಅಂತ ದಶಮಾಂಶ ಬರೆಯಬೇಡಿ. 0.2 ಬದಲು ರ‍್ಯಾಷನಲ್(1, 5) ಅಂತ ಬರೆಯಿರಿ. ಈ ಪದದ ಮೊದಲ ಅಕ್ಷರವೂ ದೊಡ್ಡದು. ದಶಮಾಂಶ ಕಂಡರೆ ಸಿಂಪೈಗೆ ಛೇದವನ್ನು ಒಡೆಯುವುದು ಕಷ್ಟವಾಗುತ್ತದೆ. ಉತ್ತರ ಬರುವುದು ತಡವಾಗುತ್ತದೆ, ಕೆಲವು ಸಲ ಬರುವುದೇ ಇಲ್ಲ.

ಹಂತ 2: ಪೋಲ್ ಓದುವುದು

ಇದೇ ಮುಖ್ಯವಾದ ಹಂತ. ಇದನ್ನು ಬಿಟ್ಟು ನೇರ ಪ್ಲಾಟಿಗೆ ಹಾರುವವರೇ ಜಾಸ್ತಿ.

ಛೇದ ಸೊನ್ನೆಯಾಗುವ ಎಸ್ ಬೆಲೆಗಳೇ ಪೋಲ್‌ಗಳು. ನಮ್ಮ ಸೂತ್ರದಲ್ಲಿ ಒಂದು ಪೋಲ್ ಸೊನ್ನೆಯಲ್ಲಿದೆ. ಉಳಿದ ಎರಡಕ್ಕೆ ಸಾಲ್ವ್(ಎಸ್**2 + 10*ಎಸ್ + 100, ಎಸ್) ಅಂತ ಕೊಡಿ. ಸಿಗುವುದು −5 ಮತ್ತು ಅದರ ಜೊತೆಗೆ ಮೇಲೆ ಕೆಳಗೆ 5√3, ಅಂದರೆ ಸುಮಾರು 8.66ರ ಕಾಲ್ಪನಿಕ ಭಾಗ.

ಈ ಎರಡು ಸಂಖ್ಯೆಗಳು ಗ್ರಾಫಿನ ಇಡೀ ಕಥೆ ಹೇಳುತ್ತವೆ.

−5 ಅನ್ನುವುದು ವೋಲ್ಟೇಜಿನ ತೂಗಾಟ ಎಷ್ಟು ಬೇಗ ಸಾಯುತ್ತದೆ ಅಂತ ಹೇಳುತ್ತದೆ. 1ನ್ನು 5ರಿಂದ ಭಾಗಿಸಿ: 0.2 ಮಿಲಿಸೆಕೆಂಡ್. ಅದರ ಐದು ಪಟ್ಟು 1 ಮಿಲಿಸೆಕೆಂಡ್. ಅಷ್ಟು ಹೊತ್ತಿಗೆ ತೂಗಾಟ ಮೊದಲಿನ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆಯಾಗಿರುತ್ತದೆ. ಹಾಗಾದರೆ ಗ್ರಾಫ್ ಸೊನ್ನೆಯಿಂದ 1.2ರವರೆಗೆ ಇದ್ದರೆ ಸಾಕು. ಪೋಲ್‌ಗಳು ತುಂಬ ಇದ್ದಾಗ ನೈಜ ಭಾಗ ಸೊನ್ನೆಗೆ ಅತಿ ಹತ್ತಿರ ಇರುವ ಪೋಲ್ ತೆಗೆದುಕೊಳ್ಳಿ, ಸೊನ್ನೆಯ ಮೇಲೇ ಕೂತಿರುವುದನ್ನು ಬಿಟ್ಟು. ನಿಧಾನದವನು ಮುಗಿಸುವವರೆಗೂ ಕಾಯಬೇಕಲ್ವಾ.

8.66 ಅನ್ನುವುದು ತೂಗಾಟದ ವೇಗ. ಎರಡು ಪೈಯನ್ನು ಅದರಿಂದ ಭಾಗಿಸಿದರೆ ಒಂದು ಸುತ್ತಿಗೆ 0.7255 ಮಿಲಿಸೆಕೆಂಡ್. ಒಂದು ಸುತ್ತಿಗೆ ಕನಿಷ್ಠ 20 ಚುಕ್ಕೆ ಇರಬೇಕು ಅನ್ನುವುದು ನನ್ನ ಲೆಕ್ಕ. ಮ್ಯಾಟ್‌ಪ್ಲಾಟ್‌ಲಿಬ್ ಚುಕ್ಕೆಯಿಂದ ಚುಕ್ಕೆಗೆ ನೇರ ಗೆರೆ ಎಳೆಯುತ್ತದೆ ಅಷ್ಟೆ. ಚುಕ್ಕೆ ಕಡಿಮೆಯಾದರೆ ಏರಿಳಿತವೇ ಮಾಯವಾಗಬಹುದು. ಇಲ್ಲದ ಏರಿಳಿತ ಹುಟ್ಟಲೂಬಹುದು.

ಯಾವುದಾದರೂ ಪೋಲಿನ ನೈಜ ಭಾಗ ಧನ ಸಂಖ್ಯೆಯಾಗಿದ್ದರೆ ಗ್ರಾಫ್ ಮೇಲೇರುತ್ತಲೇ ಹೋಗುತ್ತದೆ. ಆಗ ಕಾಲವನ್ನು ಚಿಕ್ಕದಾಗಿ ಇಡಿ. ಇಲ್ಲದಿದ್ದರೆ ಕೊನೆಯ ತುದಿ ಮಾತ್ರ ಕಂಡು ಉಳಿದದ್ದೆಲ್ಲ ನೆಲಕ್ಕೆ ಅಂಟಿದ ಹಾಗೆ ಕಾಣುತ್ತದೆ.

ಹಂತ 3: ವಿಲೋಮ ತೆಗೆಯುವುದು

ಉತ್ತರ = ಇನ್ವರ್ಸ್_ಲ್ಯಾಪ್ಲಾಸ್_ಟ್ರಾನ್ಸ್‌ಫಾರ್ಮ್(ಸೂತ್ರ, ಎಸ್, ಟಿ)

ಬರೆಯುವ ರೀತಿ ಆವೃತ್ತಿಗೆ ತಕ್ಕಂತೆ ಬೇರೆಯಾಗಬಹುದು. ಆದರೆ ಅರ್ಥ ಇದೇ (ಎಕ್ಸ್‌ಪ್ ಅಂದರೆ ಇ ಸಂಖ್ಯೆಯ ಘಾತ):

1 − ಎಕ್ಸ್‌ಪ್(−5ಟಿ) × (ಕಾಸ್(5√3 ಟಿ) + (√3/3) × ಸೈನ್(5√3 ಟಿ))

ಹಂತ 2ರಲ್ಲಿ ನೋಡಿದ 5 ಮತ್ತು 5√3 ಇಲ್ಲಿ ಹಾಗೇ ಕೂತಿವೆ ನೋಡಿ. ಉತ್ತರ ತುಂಬ ಉದ್ದವಾಗಿ ಬಂದರೆ ಅದರ ಮೇಲೆ ಸಿಂಪ್ಲಿಫೈ ಓಡಿಸಿ. ವಿಲೋಮ ಬರಲು ತುಂಬ ಹೊತ್ತು ಹಿಡಿದರೆ, ಸೂತ್ರಕ್ಕೆ ಮೊದಲು ಅಪಾರ್ಟ್ ಅನ್ನುವ ಆಜ್ಞೆ ಕೊಡಿ. ಕ್ಲಾಸಿನಲ್ಲಿ ಕೈಯಲ್ಲಿ ಮಾಡುವ ಪಾರ್ಶಿಯಲ್ ಫ್ರಾಕ್ಷನ್ ಕೆಲಸವನ್ನೇ ಅದು ಮಾಡುತ್ತದೆ. ಆಮೇಲೆ ತುಂಡು ತುಂಡಾಗಿ ವಿಲೋಮ ತೆಗೆಯಿರಿ.

ಹಂತ 4: ಗ್ರಾಫ್

ಸಿಂಪೈಯಲ್ಲೇ ಪ್ಲಾಟ್(ಉತ್ತರ, (ಟಿ, 0, 1.2)) ಅಂತ ಕೊಟ್ಟರೆ ತಕ್ಷಣ ಒಂದು ಚಿತ್ರ ಬರುತ್ತದೆ. ಸುಮ್ನೆ ಒಮ್ಮೆ ನೋಡಲು ಅದು ಸಾಕು. ವರದಿಗೆ ಹಾಕುವುದಾದರೆ, ಎರಡು ಗ್ರಾಫ್ ಒಂದರ ಮೇಲೊಂದು ಬೇಕಾದರೆ, ಈ ದಾರಿ ಒಳ್ಳೆಯದು:

ಬೆಲೆ = ಲ್ಯಾಂಬ್ಡಿಫೈ(ಟಿ, ಉತ್ತರ, 'ನಂಪೈ')
ಕಾಲ = ಲಿನ್‌ಸ್ಪೇಸ್(0, 1.2, 500)

ಲ್ಯಾಂಬ್ಡಿಫೈ ಸೂತ್ರವನ್ನು ಬೇಗ ಲೆಕ್ಕ ಹಾಕುವ ಫಂಕ್ಷನ್ನಾಗಿ ಬದಲಿಸುತ್ತದೆ. ಲಿನ್‌ಸ್ಪೇಸ್ ನಂಪೈಯದ್ದು, ಸೊನ್ನೆಯಿಂದ 1.2ರ ನಡುವೆ ಸಮ ಅಂತರದ 500 ಚುಕ್ಕೆ ಕೊಡುತ್ತದೆ. ಆಮೇಲೆ ಮ್ಯಾಟ್‌ಪ್ಲಾಟ್‌ಲಿಬ್‌ನ ಪ್ಲಾಟ್‌ಗೆ ಕಾಲ ಮತ್ತು ಬೆಲೆ(ಕಾಲ) ಎರಡನ್ನೂ ಕೊಟ್ಟರೆ ಮುಗಿಯಿತು.

ಇಲ್ಲಿ ಎರಡು ಕಡೆ ಎಡವುವುದುಂಟು. ಉತ್ತರ ಬರೀ 1 ಅಂತ ಸ್ಥಿರ ಸಂಖ್ಯೆಯಾಗಿದ್ದರೆ ಬೆಲೆ(ಕಾಲ) 500 ಸಂಖ್ಯೆ ಕೊಡುವುದಿಲ್ಲ, ಒಂದೇ ಕೊಡುತ್ತದೆ. ಪ್ಲಾಟ್ ತಕರಾರು ಮಾಡುತ್ತದೆ. ಇನ್ನೊಂದು, ಉತ್ತರದಲ್ಲಿ ಕಾಲ್ಪನಿಕ ಭಾಗ ಉಳಿದುಕೊಂಡು ಎಚ್ಚರಿಕೆಯ ಸಂದೇಶ ಬರಬಹುದು. ಆ ಭಾಗ ತೀರಾ ಚಿಕ್ಕದು ಅಂತ ಮೊದಲು ಕಣ್ಣಾರೆ ನೋಡಿ, ಆಮೇಲೆ ನೈಜ ಭಾಗ ಮಾತ್ರ ತೆಗೆದುಕೊಳ್ಳಿ. ನೋಡದೇ ಕತ್ತರಿಸಬೇಡಿ. ಅದು ದೊಡ್ಡದಾಗಿದ್ದರೆ ಎಲ್ಲೋ ತಪ್ಪಿದೆ ಅಂತಲೇ ಅರ್ಥ.

ಹಂತ 5: ಗ್ರಾಫ್ ನಂಬಬಹುದಾ ಅಂತ ಪರೀಕ್ಷೆ

ಚಂದದ ಗ್ರಾಫ್ ಬಂತು ಅಂತ ಎದ್ದು ಹೋಗಬೇಡಿ. ಎರಡು ನಿಮಿಷ ಕೂತು ಇಷ್ಟು ನೋಡಿ.

ಶುರುವಿನಲ್ಲಿ ಹೇಗಿದೆ? ಎಸ್ ತುಂಬ ದೊಡ್ಡದಾದಾಗ ನಮ್ಮ ಸೂತ್ರ 100/ಎಸ್³ ಆಗುತ್ತದೆ. ಅದರ ವಿಲೋಮ 50ಟಿ². ಅಂದರೆ ಗ್ರಾಫ್ ಸೊನ್ನೆಯಿಂದ ಹೊರಡಬೇಕು, ಅದೂ ನೆಲಕ್ಕೆ ಸಮನಾಗಿ ಹೊರಟು ನಿಧಾನವಾಗಿ ಬಾಗಬೇಕು. ಚೂಪಾಗಿ ಮೇಲೆದ್ದಿದ್ದರೆ ಸೂತ್ರ ತಪ್ಪು ಟೈಪಾಗಿದೆ.

ಕೊನೆಯಲ್ಲಿ ಎಲ್ಲಿ ನಿಲ್ಲುತ್ತದೆ? ಸೂತ್ರವನ್ನು ಎಸ್‌ನಿಂದ ಗುಣಿಸಿ ಎಸ್‌ಗೆ ಸೊನ್ನೆ ಹಾಕಿ: 100/100, ಅಂದರೆ 1. ಕೆಪಾಸಿಟರ್ ಪೂರ್ತಿ 1 ವೋಲ್ಟಿಗೆ ತುಂಬಬೇಕು, ಸರಿಯಾಗಿದೆ. ಈ ಪರೀಕ್ಷೆಗೆ ಒಂದು ಷರತ್ತು ಇದೆ. ಎಸ್‌ನಿಂದ ಗುಣಿಸಿದ ಮೇಲೆ ಉಳಿಯುವ ಪೋಲ್‌ಗಳೆಲ್ಲ ಎಡಗಡೆ ಇರಬೇಕು, ಅಂದರೆ ಅವುಗಳ ನೈಜ ಭಾಗ ಋಣವಾಗಿರಬೇಕು. 1/(ಎಸ್² + 1)ಗೆ ಇದೇ ಲೆಕ್ಕ ಮಾಡಿದರೆ ಸೊನ್ನೆ ಬರುತ್ತದೆ. ಆದರೆ ಅದರ ವಿಲೋಮ ಸೈನ್, ಅದು ಎಂದೂ ನಿಲ್ಲುವುದೇ ಇಲ್ಲ.

ನಡುವೆ ಎಷ್ಟು ಎತ್ತರ? ಮೊದಲ ಶಿಖರ ಪೈ/(5√3), ಅಂದರೆ 0.363 ಮಿಲಿಸೆಕೆಂಡಿನಲ್ಲಿ ಬರಬೇಕು. ಎತ್ತರ 1.163. ಕೊಟ್ಟದ್ದು 1 ವೋಲ್ಟ್, ಕೆಪಾಸಿಟರ್ ಒಂದು ಕ್ಷಣ 1.163 ವೋಲ್ಟ್ ಮುಟ್ಟುತ್ತದೆ. ಗ್ರಾಫಿನಲ್ಲಿ ಶಿಖರದ ಮೇಲೆ ಕರ್ಸರ್ ಇಟ್ಟು ಇದನ್ನು ಹೊಂದಿಸಿ ನೋಡಿ. ಹೊಂದಿದಾಗ ಆಗುವ ಸಂತೋಷವೇ ಬೇರೆ.

ಸೂತ್ರ ಸಿಗದಿದ್ದಾಗ

ಈಗ ಮನೆಯ ಮೇಲ್ಛಾವಣಿಗೆ ಹೋಗೋಣ. 10 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಆರ್‌ಸಿಸಿ. ಮೇಲ್ಭಾಗ ಒಮ್ಮೆಲೇ ಬಿಸಿಯಾಗಿ ಹಾಗೇ ಉಳಿಯಿತು ಅನ್ನಿ. ಕೆಳಗಿನಿಂದ ಶಾಖ ಹೊರಗೆ ಹೋಗುವುದಿಲ್ಲ ಅಂತಲೂ ಇಟ್ಟುಕೊಳ್ಳಿ. ನಿಜದಲ್ಲಿ ಸ್ವಲ್ಪ ಹೋಗುತ್ತದೆ, ಲೆಕ್ಕ ಸುಲಭವಾಗಲಿ ಅಂತ ಬಿಡುತ್ತಿದ್ದೇವೆ. ಒಳಗಡೆಯ ಮೈ ಎಷ್ಟು ಹೊತ್ತಿಗೆ ಬಿಸಿಯಾಗುತ್ತದೆ?

ಶಾಖದ ಸಮೀಕರಣಕ್ಕೆ ಲ್ಯಾಪ್ಲಾಸ್ ಹಾಕಿದರೆ ಸಿಗುವುದು ಇಷ್ಟೇ:

1 / (ಎಸ್ × ಕಾಶ್(√ಎಸ್))

ಕಾಶ್ ಅಂದರೆ ಹೈಪರ್ಬಾಲಿಕ್ ಕಾಸ್. ನೋಡಲು ಚಿಕ್ಕದು. ಆದರೆ ಇದಕ್ಕೆ ಪೋಲ್‌ಗಳು ಲೆಕ್ಕವಿಲ್ಲದಷ್ಟು. ವಿಲೋಮ ಕೊನೆಯಿಲ್ಲದ ಸರಣಿ. ಹಂತ 3ರ ಆಜ್ಞೆ ಇಲ್ಲಿ ಕೈಕೊಡುತ್ತದೆ. ಆಗ ಸೂತ್ರದ ಆಸೆ ಬಿಟ್ಟು ಪ್ರತಿ ಕ್ಷಣದ ಬೆಲೆಯನ್ನು ಸಂಖ್ಯೆಯಾಗಿಯೇ ಲೆಕ್ಕ ಹಾಕಬೇಕು. ಎಂಪಿಮ್ಯಾತ್‌ನ ಇನ್ವರ್ಟ್‌ಲ್ಯಾಪ್ಲಾಸ್ ಇರುವುದು ಇದಕ್ಕೇ. ಈ ಹೆಸರಿನ ನಡುವೆ ಅಡಿಗೆರೆ ಇಲ್ಲ, ಒಂದೇ ಪದ.

ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ತಿಳಿದಿರಬೇಕು. ವಿಲೋಮ ಲ್ಯಾಪ್ಲಾಸ್‌ನ ಮೂಲ ಸೂತ್ರಕ್ಕೆ ಬ್ರಾಮ್‌ವಿಚ್ ಹೆಸರಿದೆ. ಎಲ್ಲ ಪೋಲ್‌ಗಳ ಬಲಕ್ಕೆ ಒಂದು ನೆಟ್ಟಗಿನ ಗೆರೆ ಎಳೆದು, ಅದರ ಉದ್ದಕ್ಕೂ ಇಂಟಿಗ್ರೇಟ್ ಮಾಡಬೇಕು. ಆ ಗೆರೆಯ ಮೇಲೆ ಬೆಲೆಗಳು ತೂಗಾಡುತ್ತಲೇ ಇರುತ್ತವೆ, ಬೇಗ ಕಡಿಮೆಯಾಗುವುದಿಲ್ಲ. 1979ರಲ್ಲಿ ಟಾಲ್ಬಟ್ ಪ್ರಕಟಿಸಿದ ವಿಧಾನದಲ್ಲಿ ಗೆರೆಯ ಎರಡೂ ತುದಿಯನ್ನು ಎಡಕ್ಕೆ ಬಗ್ಗಿಸುತ್ತಾರೆ. ಎಡಕ್ಕೆ ಹೋದಷ್ಟೂ ಎಕ್ಸ್‌ಪ್(ಎಸ್ × ಟಿ) ಬೇಗ ಸೊನ್ನೆಯಾಗುತ್ತದೆ. ಹಾಗಾಗಿ ಕೆಲವೇ ಚುಕ್ಕೆಗಳಲ್ಲಿ ಲೆಕ್ಕ ಮುಗಿಯುತ್ತದೆ. ನಾನು ಕಂಡ ಸುಂದರ ಉಪಾಯಗಳಲ್ಲಿ ಇದೂ ಒಂದು.

ಬರೆಯುವುದು ಹೀಗೆ. ಎಸ್ ಕೊಟ್ಟರೆ 1/(ಎಸ್ × ಕಾಶ್(√ಎಸ್)) ಹಿಂತಿರುಗಿಸುವ ಒಂದು ಫಂಕ್ಷನ್ ಮಾಡಿ, ಚಾವಣಿ ಅಂತ ಹೆಸರಿಡಿ. ಕಾಶ್, ವರ್ಗಮೂಲ ಎರಡನ್ನೂ ಎಂಪಿಮ್ಯಾತ್‌ನಿಂದಲೇ ತನ್ನಿ. ನಂಪೈಯದ್ದು ಹಾಕಿದರೆ ದೋಷ ಬರುತ್ತದೆ. ಆಮೇಲೆ:

ಇನ್ವರ್ಟ್‌ಲ್ಯಾಪ್ಲಾಸ್(ಚಾವಣಿ, 0.5, ಮೆಥಡ್='ಟಾಲ್ಬಟ್')

ಸುಮಾರು 0.629 ಬರುತ್ತದೆ. ಕಾಲ 1 ಅಂತ ಕೊಟ್ಟರೆ 0.892. ಇದು ಒಂದು ಸಲಕ್ಕೆ ಒಂದೇ ಕ್ಷಣದ ಬೆಲೆ ಕೊಡುತ್ತದೆ. ಹಾಗಾಗಿ ಲೂಪ್ ಹಾಕಿ, ಬಂದ ಪ್ರತಿ ಸಂಖ್ಯೆಯನ್ನು ಫ್ಲೋಟ್ ಮಾಡಿ ಪಟ್ಟಿಗೆ ಸೇರಿಸಿ, ಪಟ್ಟಿಯನ್ನು ಪ್ಲಾಟ್ ಮಾಡಿ. ಕಾಲ ಸೊನ್ನೆ ಕೊಡಬೇಡಿ, 0.01ರಿಂದ ಶುರು ಮಾಡಿ. ಇಲ್ಲಿ ಪ್ರತಿ ಚುಕ್ಕೆಗೂ ಸಮಯ ಹಿಡಿಯುವುದರಿಂದ 500ರ ಬದಲು 100 ಸಾಕು.

ಕಾಲ ಎಲ್ಲಿವರೆಗೆ? ಮತ್ತೆ ಪೋಲ್ ನೋಡಿ. ಸೊನ್ನೆಯ ಮೇಲಿರುವುದನ್ನು ಬಿಟ್ಟರೆ ಅತಿ ಹತ್ತಿರದ್ದು ಪೈ ವರ್ಗದ ಕಾಲು ಭಾಗ, ಋಣ ಚಿಹ್ನೆಯೊಂದಿಗೆ: −2.467. 1ನ್ನು ಅದರಿಂದ ಭಾಗಿಸಿ ಐದು ಪಟ್ಟು ಮಾಡಿದರೆ 2 ಚಿಲ್ಲರೆ. ಹಾಗಾಗಿ 0.01ರಿಂದ 2.2.

ಈ ಕಾಲದ ಒಂದು ಘಟಕ ಅಂದರೆ ನಿಜದಲ್ಲಿ ಎಷ್ಟು? ದಪ್ಪದ ವರ್ಗವನ್ನು ಕಾಂಕ್ರೀಟಿನ ಶಾಖ ಹರಡುವ ಗುಣಾಂಕದಿಂದ ಭಾಗಿಸಬೇಕು. ಆ ಗುಣಾಂಕವನ್ನು ಸೆಕೆಂಡಿಗೆ 0.0000007 ಚದರ ಮೀಟರ್ ಅಂತ ಹಿಡಿದರೆ ಹೆಚ್ಚು ಕಡಿಮೆ ನಾಲ್ಕು ಗಂಟೆ. ಅಂದರೆ ಎರಡು ಗಂಟೆ ಹೊತ್ತಿಗೆ ಒಳಮೈ ಮೇಲಿನ ಬಿಸಿಯ ಶೇ 63ರಷ್ಟು ತಲುಪಿರುತ್ತದೆ, ನಾಲ್ಕು ಗಂಟೆಗೆ ಶೇ 89. ಗ್ರಾಫಿನ ಶುರುವಿನಲ್ಲಿ ಕೆಲವು ನಿಮಿಷ ಏನೂ ಆಗದ ಹಾಗೆ ಮಲಗಿ ಆಮೇಲೆ ಏಳುವುದು ಕಾಣುತ್ತದೆ. ಬೇಸಿಗೆಯಲ್ಲಿ ಬಿಸಿಲು ಇಳಿದ ಮೇಲೂ ಮನೆಯೊಳಗೆ ಧಗೆ ಉಳಿಯುವುದಕ್ಕೆ ಈ ತಡವೂ ಒಂದು ಕಾರಣ.

ಯಾವ ವಿಧಾನ ಯಾವಾಗ ಕೈಕೊಡುತ್ತದೆ

ಟಾಲ್ಬಟ್ ಎಲ್ಲದಕ್ಕೂ ಆಗುವುದಿಲ್ಲ. ಸೂತ್ರದಲ್ಲಿ ಎಕ್ಸ್‌ಪ್(−2ಎಸ್) ಇದೆ ಅನ್ನಿ. ಎರಡು ಸೆಕೆಂಡ್ ತಡವಾಗಿ ಶುರುವಾಗುವ ಸಿಗ್ನಲ್ ಅಂತ ಅದರ ಅರ್ಥ. ಎರಡು ಸೆಕೆಂಡಿಗೆ ಮುಂಚೆ ಉತ್ತರ ಸೊನ್ನೆ ಇರಬೇಕು. ಆದರೆ ಟಾಲ್ಬಟ್ ಗೆರೆಯನ್ನು ಎಡಕ್ಕೆ ಬಗ್ಗಿಸಿದಾಗ ಈ ಗುಣಕ ಕಡಿಮೆಯಾಗುವ ಬದಲು ಬೆಟ್ಟದಷ್ಟು ಬೆಳೆಯುತ್ತದೆ. ಸೊನ್ನೆ ಇರಬೇಕಾದ ಕಡೆ ಅರ್ಥವಿಲ್ಲದ ದೊಡ್ಡ ಸಂಖ್ಯೆಗಳು ಬರುತ್ತವೆ. ಪರಿಹಾರ ಸುಲಭ. ಆ ಗುಣಕವನ್ನು ತೆಗೆದು ಹಾಕಿ ಉಳಿದದ್ದರ ವಿಲೋಮ ತೆಗೆಯಿರಿ. ಆಮೇಲೆ ಗ್ರಾಫನ್ನು ಎರಡು ಸೆಕೆಂಡ್ ಬಲಕ್ಕೆ ಸರಿಸಿ.

ತುಂಬ ಹೊತ್ತು ತೂಗಾಡುವ ಸಿಗ್ನಲ್‌ಗೂ ಟಾಲ್ಬಟ್ ಹುಷಾರಾಗಿ ಬಳಸಬೇಕು. ಕಾಲ ಹೆಚ್ಚಾದಂತೆ ಅದರ ಗೆರೆ ಕುಗ್ಗುತ್ತಾ ಬರುತ್ತದೆ. ಮೇಲೆ ಕೆಳಗೆ ದೂರ ಇರುವ ಪೋಲ್‌ಗಳು ಗೆರೆಯಿಂದ ಹೊರಗೆ ಬಿದ್ದುಬಿಡುತ್ತವೆ. ಆಗ ಡಿಗ್ರಿ ಅನ್ನುವ ಸಂಖ್ಯೆಯನ್ನು ಹೆಚ್ಚಿಸಿ, ಇಲ್ಲವೇ ಮೆಥಡ್‌ಗೆ 'ಡಿಹೂಗ್' ಕೊಡಿ. ಡಿ ಹೂಗ್, ನೈಟ್, ಸ್ಟೋಕ್ಸ್ ಮೂವರು 1982ರಲ್ಲಿ ಪ್ರಕಟಿಸಿದ ವಿಧಾನ ಅದು. ನೆಟ್ಟಗಿನ ಗೆರೆಯನ್ನೇ ಇಟ್ಟುಕೊಳ್ಳುತ್ತದೆ. ಸ್ವಲ್ಪ ನಿಧಾನ. ಒಮ್ಮೆಲೇ ಜಿಗಿಯುವ ಕಡೆಗಳಲ್ಲಿ ಅಕ್ಕಪಕ್ಕ ಸಣ್ಣ ಅಲೆ ತೋರಿಸಬಹುದು, ಅದನ್ನು ನಿಜ ಅಂದುಕೊಳ್ಳಬೇಡಿ.

ಮೂರನೆಯದು 1970ರ ಸ್ಟೆಫೆಸ್ಟ್. ಇದಕ್ಕೆ ಕಾಲ್ಪನಿಕ ಸಂಖ್ಯೆಯೇ ಬೇಡ, ಸಾಮಾನ್ಯ ಎಸ್ ಬೆಲೆಗಳು ಸಾಕು. ಸ್ಪ್ರೆಡ್‌ಶೀಟಿನಲ್ಲೂ ಮಾಡಬಹುದು. ಬಾವಿಗಳಿಗೆ ಪಂಪ್ ಹಾಕಿ ನೀರಿನ ಮಟ್ಟ ಅಳೆಯುವ ಲೆಕ್ಕಗಳಲ್ಲಿ ಇದನ್ನು ತುಂಬ ಬಳಸುತ್ತಾರೆ. ನಿಧಾನವಾಗಿ ಏರುವ, ಇಳಿಯುವ ಗ್ರಾಫಿಗೆ ಒಳ್ಳೆಯದು. ತೂಗಾಟ ಇದ್ದರೆ ಇದರ ಹತ್ತಿರ ಹೋಗಬೇಡಿ, ಏರಿಳಿತವನ್ನು ಸವರಿ ಸಪಾಟು ಮಾಡಿಬಿಡುತ್ತದೆ.

ನನ್ನ ಅಭ್ಯಾಸ ಹೀಗಿದೆ. ಹೊಸ ಸೂತ್ರ ಬಂದರೆ ಎರಡು ವಿಧಾನದಲ್ಲಿ ಲೆಕ್ಕ ಹಾಕಿ ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕುತ್ತೇನೆ. ಒಂದರ ಮೇಲೊಂದು ಕೂತರೆ ನೆಮ್ಮದಿ. ಮೊದಲ ಸಲ ಬಳಸುವವರು ಉತ್ತರ ಗೊತ್ತಿರುವ ಎಕ್ಸ್‌ಪ್(−√ಎಸ್) ಹಾಕಿ ಕೈ ಪಳಗಿಸಿಕೊಳ್ಳಿ. ಕಾಲ 1ರಲ್ಲಿ 0.2197 ಬರಬೇಕು. ಶಿಖರ ಸರಿಯಾಗಿ 1/6ರಲ್ಲಿ ಇರಬೇಕು, ಎತ್ತರ 0.925.

ಬೇರೆ ಸಾಫ್ಟ್‌ವೇರ್ ಇದ್ದರೆ

ಮ್ಯಾಟ್‌ಲ್ಯಾಬ್‌ನಲ್ಲಿ ಸಿಮ್ಸ್ ಅಂತ ಎಸ್, ಟಿ ಘೋಷಿಸಿ, ಐಲ್ಯಾಪ್ಲಾಸ್ ಆಜ್ಞೆಯಿಂದ ವಿಲೋಮ ತೆಗೆದು, ಎಫ್‌ಪ್ಲಾಟ್‌ನಿಂದ ಗ್ರಾಫ್ ಹಾಕಿ. ಸಿಂಬಾಲಿಕ್ ಟೂಲ್‌ಬಾಕ್ಸ್ ಬೇಕಾಗುತ್ತದೆ. ಆಕ್ಟೇವ್‌ನಲ್ಲೂ ಸಿಂಬಾಲಿಕ್ ಪ್ಯಾಕೇಜ್ ಇದೆ. ಅದು ಒಳಗಿಂದ ಸಿಂಪೈಯನ್ನೇ ಕರೆಯುತ್ತದೆ. ಮ್ಯಾಕ್ಸಿಮಾದಲ್ಲಿ ಆಜ್ಞೆಯ ಹೆಸರು ಐಎಲ್‌ಟಿ, ಗ್ರಾಫಿಗೆ ಪ್ಲಾಟ್2ಡಿ. ಆದರೆ ಮ್ಯಾಕ್ಸಿಮಾದ ಐಎಲ್‌ಟಿ ಇರುವುದು ಬಹುಪದಿಯನ್ನು ಬಹುಪದಿಯಿಂದ ಭಾಗಿಸಿದ ಸೂತ್ರಗಳಿಗೆ. ಮೇಲಿನ ಚಾವಣಿಯ ಸೂತ್ರ ಕೊಟ್ಟರೆ ಉತ್ತರ ಸಿಗುವುದಿಲ್ಲ. ಸೂತ್ರ ಬೇಡ, ಸರ್ಕ್ಯೂಟಿನ ಗ್ರಾಫ್ ಮಾತ್ರ ಸಾಕು ಅನ್ನುವವರಿಗೆ ಸೈಪೈ ಅನ್ನುವ ಇನ್ನೊಂದು ಪೈಥಾನ್ ಲೈಬ್ರರಿಯ ಸಿಗ್ನಲ್ ಭಾಗದಲ್ಲಿ ಸ್ಟೆಪ್, ಇಂಪಲ್ಸ್ ಅನ್ನುವ ಆಜ್ಞೆಗಳಿವೆ.

ಕನ್ನಡದಲ್ಲಿ ಹೆಸರು ಹಾಕುವುದು

ಅಡ್ಡ ಗೆರೆಗೆ ಕಾಲ, ಉದ್ದ ಗೆರೆಗೆ ವೋಲ್ಟೇಜ್ ಅಂತ ಬರೆಯಿರಿ, ಅಳತೆಯ ಘಟಕವನ್ನೂ ಸೇರಿಸಿ. ನಾವು ಮಿಲಿಸೆಕೆಂಡ್ ತೆಗೆದುಕೊಂಡಿದ್ದೇವೆ ಅನ್ನುವುದು ನೋಡುವವರಿಗೆ ಹೇಗೆ ಗೊತ್ತಾಗಬೇಕು? ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ನೇರವಾಗಿ ಕನ್ನಡ ಬರೆದರೆ ಖಾಲಿ ಚೌಕಗಳು ಬರುತ್ತವೆ. ಅದರ ಮಾಮೂಲಿ ಫಾಂಟಿನಲ್ಲಿ ಕನ್ನಡ ಇಲ್ಲ. ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿಕೊಂಡು ಅದರ ಹೆಸರನ್ನು ಫಾಂಟ್ ಫ್ಯಾಮಿಲಿಗೆ ಕೊಟ್ಟರೆ ಅಕ್ಷರಗಳು ಬರುತ್ತವೆ. ಹಲವು ಆವೃತ್ತಿಗಳಲ್ಲಿ ಒತ್ತಕ್ಷರ ಮಾತ್ರ ಸರಿಯಾಗಿ ಕೂಡುವುದಿಲ್ಲ, ವೋಲ್ಟೇಜ್ ಅನ್ನುವುದು ಒಡೆದು ಕಾಣುತ್ತದೆ. ಅಂಥ ಕಡೆ ನಾನು ಗ್ರಾಫನ್ನು ಹೆಸರಿಲ್ಲದೆ ಎಸ್‌ವಿಜಿ ಕಡತವಾಗಿ ಉಳಿಸಿ, ಇಂಕ್‌ಸ್ಕೇಪ್‌ನಲ್ಲಿ ತೆರೆದು ಕನ್ನಡ ಬರೆಯುತ್ತೇನೆ. ಐದು ನಿಮಿಷದ ಕೆಲಸ, ಅಕ್ಷರ ಮುತ್ತಿನ ಹಾಗೆ ಬರುತ್ತದೆ.